ರೋಗದ ಎಲೆ ಕಿತ್ತರೆ ಗಿಡ ಉಳಿಯುವುದೇ?

ಟೊಮ್ಯಾಟೊ ಎಲೆಗಳ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆಗಳು ಕಂಡೊಡನೆ ಆ ಎಲೆಗಳನ್ನಷ್ಟೇ ಚಿವುಟಿ ಎಸೆಯುವ ರೈತರಿದ್ದಾರೆ. ಕೆಲವರು ಶಿಲೀಂಧ್ರನಾಶಕ ತಂದು ಸಿಂಪಡಿಸುತ್ತಾರೆ. ಮೊಸಾಯಿಕ್ ನಂಜು ರೋಗಕ್ಕೆ ಇವೆರಡೂ ಮದ್ದಲ್ಲ. ಹಣ ಮಾತ್ರ ಖರ್ಚು.

ಗಿಡದ ಪ್ರತಿ ಜೀವಕೋಶಕ್ಕೂ ಗಟ್ಟಿಯಾದ ಗೋಡೆಯಿದೆ. ಆದರೆ ಗೋಡೆಯಲ್ಲಿ ಅತಿ ಸೂಕ್ಷ್ಮವಾದ ಕಂಡಿಗಳಿದ್ದು, ನೆರೆಯ ಕೋಶಗಳು ಇವುಗಳ ಮೂಲಕ ಸಕ್ಕರೆ, ಲವಣ ಮುಂತಾದವನ್ನು ಹಂಚಿಕೊಳ್ಳುತ್ತವೆ. ಇವಕ್ಕೆ ಪ್ಲಾಸ್ಮೋಡೆಸ್ಮಾಟ ಎಂದು ಹೆಸರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವುದು ಒಂದು ನ್ಯಾನೋಮೀಟರು. ತಂಬಾಕಿನ ಮೊಸಾಯಿಕ್ ನಂಜಾಣು ಕಡ್ಡಿಯಂತಿದ್ದು, 300 ನ್ಯಾನೋಮೀಟರು ಉದ್ದ, 18 ನ್ಯಾನೋಮೀಟರು ದಪ್ಪವಿದೆ. ಕಂಡಿಯಲ್ಲಿರುವ ತೆರಪು ಇದಕ್ಕಿಂತ ಬಹಳ ಕಿರಿದು. ಹಾಗಾದರೆ ಅದು ದಾಟುವುದು ಹೇಗೆ?

ನಂಜಾಣು ತನ್ನದೇ ಒಂದು ಪ್ರೋಟೀನನ್ನು ಕೋಶದೊಳಗೆ ತಯಾರಿಸಿಕೊಳ್ಳುತ್ತದೆ. ಅದು ಕಂಡಿಯ ಬಳಿ ಸೇರಿ ದಾರಿಯನ್ನು ಅಗಲಿಸುತ್ತದೆ. ನಂಜಾಣುವಿನ ಎಳೆ ಹೊರಕವಚವನ್ನು ಬಿಟ್ಟು ಆಚೆಗೆ ನುಸುಳುತ್ತದೆ. ಈ ಪ್ರೋಟೀನು ಕೆಟ್ಟಿದ್ದರೆ ನಂಜಾಣು ಹೊಕ್ಕ ಕೋಶದಲ್ಲೇ ಸಿಕ್ಕಿಬೀಳುತ್ತದೆ. ಇದನ್ನು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತಂಬಾಕು ಗಿಡದಲ್ಲಿ ತೋರಿಸಿಕೊಟ್ಟರು. ಗಿಡವೂ ಸುಮ್ಮನಿರುವುದಿಲ್ಲ. ಕಂಡಿಯ ಬಾಯಿಗೆ ಕ್ಯಾಲೋಸ್ ಎಂಬ ವಸ್ತುವನ್ನು ತುಂಬಿ ದಾರಿ ಕಟ್ಟಲು ನೋಡುತ್ತದೆ. ಅನೇಕ ಸಲ ಗೆಲ್ಲುವುದು ನಂಜಾಣುವೇ.

ಕೋಶದಿಂದ ಕೋಶಕ್ಕೆ ನಡಿಗೆ ನಿಧಾನ. ಆಹಾರ ಸಾಗಿಸುವ ನಾಳವನ್ನು ಸೇರಿತೆಂದರೆ ಕೆಲವೇ ದಿನಗಳಲ್ಲಿ ಬೇರಿಗೂ ಕುಡಿಗೂ ಮುಟ್ಟುತ್ತದೆ. ಕುಡಿಯೆಲೆಯಲ್ಲಿ ಮಚ್ಚೆ ಕಾಣುವ ಹೊತ್ತಿಗೆ ನಂಜು ಗಿಡದಲ್ಲೆಲ್ಲ ಹರಡಿರುತ್ತದೆ. ಎಲೆ ಕಿತ್ತು ಫಲವಿಲ್ಲದಿರುವುದು ಇದರಿಂದಲೇ. ಬದಲಿಗೆ, ಕಿತ್ತ ಕೈಯಲ್ಲೇ ಮುಂದಿನ ಗಿಡ ಮುಟ್ಟಿದರೆ ರೋಗವನ್ನು ನಾವೇ ದಾಟಿಸಿದಂತೆ.

ಟೊಮ್ಯಾಟೊವಿನ ಕೆಲವು ಸಂಕರಣ ತಳಿಗಳಲ್ಲಿ ಇದೇ ಪ್ರೋಟೀನನ್ನು ಗುರುತು ಹಿಡಿದು ನಂಜಾಣುವನ್ನು ತಡೆಯುವ ಗುಣವಿದೆ. ಬಿತ್ತನೆ ಬೀಜ ಕೊಳ್ಳುವಾಗ ಮೊಸಾಯಿಕ್ ನಿರೋಧಕವೇ ಎಂದು ವಿಚಾರಿಸಿರಿ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. 2014ರಲ್ಲಿ ಇಸ್ರೇಲಿನಲ್ಲಿ, 2015ರಲ್ಲಿ ಜೋರ್ಡಾನಿನಲ್ಲಿ ಕಂಡ ಹೊಸ ನಂಜಾಣುವೊಂದು ಈ ನಿರೋಧಕ ಗುಣವನ್ನೂ ಮೀರಿ ಹಣ್ಣಿನ ಮೇಲೆ ಕಂದು ಸುಕ್ಕು ತರುತ್ತದೆ.

ರೋಗದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಕಿತ್ತವರು ಸೋಪು ಹಚ್ಚಿ ಕೈ ತೊಳೆದ ನಂತರವೇ ಬೇರೆ ಗಿಡ ಮುಟ್ಟಬೇಕು. ಪಕ್ಕದ ಕುಡಿ ಚಿವುಟುವ ಕೆಲಸವನ್ನು ಆರೋಗ್ಯವಂತ ಸಾಲಿನಿಂದ ಆರಂಭಿಸಿ, ಅನುಮಾನದ ಸಾಲನ್ನು ಕೊನೆಗಿಡಿರಿ. ಸಸಿಮಡಿಯಲ್ಲಿ ಬೀಡಿ ಸೇದುವುದು, ಹೊಗೆಸೊಪ್ಪು ಅಗಿಯುವುದು ಬೇಡ. ಒಣಗಿದ ಸೊಪ್ಪಿನಲ್ಲಿಯೂ ಈ ನಂಜಾಣು ವರ್ಷಗಟ್ಟಲೆ ಜೀವಂತವಾಗಿರಬಲ್ಲದು. ಇದನ್ನು ಕೂಲಿಯಾಳುಗಳಿಗೆ ಹೇಳಿ ಒಪ್ಪಿಸುವುದೇ ಕಷ್ಟದ ಕೆಲಸ!