ಡ್ಯಾಶ್‌ಬೋರ್ಡ್ ಹಸಿರಾಗಿತ್ತು, ಟೊಮೆಟೊ ಬಾಡಿತ್ತು

ಹೋದ ಏಪ್ರಿಲ್‌ನಲ್ಲಿ ನಮ್ಮ ನಾಲ್ಕನೇ ತಾಕಿನ ಟೊಮೆಟೊ ಹೂ ಕಚ್ಚೋ ಹೊತ್ತಲ್ಲೇ ಬಾಡಿತು. ನಾಲ್ಕು ರಾತ್ರಿ ಅದಕ್ಕೆ ನೀರೇ ಹೋಗಿರಲಿಲ್ಲ. ಮನೆಯವರೆಲ್ಲ ತಂಗಿ ಮದುವೆ ಓಡಾಟದಲ್ಲಿದ್ದೆವು. ನಾನು ದಿನಾ ಬೆಳಿಗ್ಗೆ ಫೋನ್ ತೆಗೆದು ನೋಡ್ತಿದ್ದೆ: ‘ಮಣ್ಣಿನ ತೇವಾಂಶ 55’, ಹಸಿರು ಬಣ್ಣ. ಸರಿ, ಎಲ್ಲ ಚೆನ್ನಾಗಿದೆ ಅಂದ್ಕೊಂಡೆ. ಎರಡು ಕೊಯ್ಲಿನ ಕಾಯಿ ಹೋಯ್ತು.

ಆ 55 ಸುಳ್ಳಾಗಿರಲಿಲ್ಲ. ಅದು ನಾಲ್ಕು ತಾಕಿನ ಸರಾಸರಿ. ಮೂರು ತಾಕು 68, 66, 64 ಇದ್ದವು, ನಾಲ್ಕನೆಯದು 22. ಕೂಡಿಸಿ ಭಾಗಿಸಿ ನೋಡಿ.

ನಮ್ಮದು ಚಿಕ್ಕಬಳ್ಳಾಪುರ ಕಡೆ ಎರಡೂವರೆ ಎಕರೆ ಕೆಂಪು ಮಣ್ಣು, ಒಂದು ಬೋರ್‌ವೆಲ್, ಪೂರ್ತಿ ಡ್ರಿಪ್. ತ್ರೀ ಫೇಸ್ ಕರೆಂಟ್ ಹೆಚ್ಚಾಗಿ ರಾತ್ರಿ ಪಾಳಿಯಲ್ಲೇ ಬರೋದು, ಮೋಟಾರ್ ಆಟೋ ಸ್ಟಾರ್ಟರ್‌ನಲ್ಲಿ ತಾನೇ ಓಡುತ್ತೆ. ಪ್ರತಿ ತಾಕಿನಲ್ಲೂ ಅರ್ಧ ಅಡಿ ಆಳಕ್ಕೆ ತೇವಾಂಶದ ಸೆನ್ಸರ್ ಇಟ್ಟಿದ್ದೀನಿ. ಅವುಗಳ ಲೆಕ್ಕ ಇಎಸ್‌ಪಿ32 ಬೋರ್ಡ್ ಮೂಲಕ ಮನೆಯಲ್ಲಿರೋ ರಾಸ್ಪ್‌ಬೆರಿ ಪೈಗೆ ಬರುತ್ತೆ, ಅಲ್ಲಿ ಗ್ರಾಫಾನಾ ಅದನ್ನ ಚಿತ್ರ ಮಾಡಿ ತೋರಿಸುತ್ತೆ. ಗ್ರಾಫಾನಾ ರೈತರಿಗಾಗಿ ಹುಟ್ಟಿದ್ದಲ್ಲ. ಸರ್ವರ್‌ಗಳು ಸರಿಯಾಗಿ ನಡೀತಿವೆಯಾ ಅಂತ ಸಾಫ್ಟ್‌ವೇರ್‌ನವರು ಕಾಯೋದಕ್ಕೆ ಸ್ವೀಡನ್ನಿನ ಟಾರ್ಕೆಲ್ ಓಡೆಗಾರ್ಡ್ 2014ರಲ್ಲಿ ಬಿಟ್ಟದ್ದು. ನಮ್ಮ ಮೋಟಾರು, ಫಿಲ್ಟರು ಕಾಯೋಕೂ ಅದು ಸಾಕು, ದುಡ್ಡು ಕೊಡಬೇಕಿಲ್ಲ.

ನಾನು ಮಾಡಿದ ತಪ್ಪು, ನೆಟ್‌ನಲ್ಲಿ ಸಿಕ್ಕ ರೆಡಿ ಡ್ಯಾಶ್‌ಬೋರ್ಡ್ ಹಾಕ್ಕೊಂಡದ್ದು. ಹದಿನೆಂಟು ಗ್ರಾಫ್ ಇದ್ದವು. ಗಾಳಿ, ಬೆಳಕು, ವೈಫೈ ಬಲ, ಬ್ಯಾಟರಿ. ನೋಡೋಕೆ ಚೆಂದ. ಆದರೆ ಬೆಳಿಗ್ಗೆ ಆರಕ್ಕೆ ನನಗೆ ಬೇಕಾದ ಪ್ರಶ್ನೆ ಒಂದೇ: ರಾತ್ರಿ ಬಿಟ್ಟ ನೀರು ಪ್ರತಿ ತಾಕಿಗೂ ಮುಟ್ಟಿತಾ?

ಅದಕ್ಕೇ ಮದುವೆ ಮುಗಿದ ವಾರ ಖಾಲಿ ಡ್ಯಾಶ್‌ಬೋರ್ಡ್‌ನಿಂದ ಶುರು ಮಾಡಿದೆ.

ಮೊದಲು ‘ವೇರಿಯಬಲ್’ ಅನ್ನೋ ಕಡೆ ‘ತಾಕು’ ಅಂತ ಒಂದು ಹೆಸರು ಮಾಡಿ, ಪ್ಯಾನೆಲ್ಲನ್ನ ಅದರ ಮೇಲೆ ‘ರಿಪೀಟ್’ ಆಗೋ ಹಾಗೆ ಇಟ್ಟೆ. ಒಂದು ಪ್ಯಾನೆಲ್ ಬರೆದರೆ ನಾಲ್ಕು ಡಬ್ಬಿ ತಾವೇ ಮೂಡುತ್ತವೆ. ನಾಳೆ ಐದನೇ ತಾಕು ಬಂದರೆ ಐದನೇ ಡಬ್ಬಿಯೂ ಬರುತ್ತೆ. ಪ್ಯಾನೆಲ್ ಬಗೆ ‘ಸ್ಟ್ಯಾಟ್’, ಅಂದ್ರೆ ಒಂದೇ ದೊಡ್ಡ ಅಂಕಿ. ಸಮಯ ಕಳೆದ 12 ಗಂಟೆ. ಲೆಕ್ಕದ ಬಗೆ ಕೇಳೋ ಕಡೆ ‘ಡಿಫರೆನ್ಸ್’ ಆರಿಸಿ. ಇದು ಮೊದಲಿನ ಅಂಕಿಗೂ ಕೊನೆಯ ಅಂಕಿಗೂ ಇರೋ ವ್ಯತ್ಯಾಸ. ಸಂಜೆ 40 ಇದ್ದದ್ದು ಬೆಳಿಗ್ಗೆ 62 ಆಗಿದ್ರೆ ಡಬ್ಬಿಯಲ್ಲಿ 22 ಕಾಣುತ್ತೆ: ನೀರು ಮುಟ್ಟಿದೆ. ಸೊನ್ನೆಯೋ ಮೈನಸ್ಸೋ ಇದ್ರೆ ಮುಟ್ಟಿಲ್ಲ. ಥ್ರೆಶೋಲ್ಡ್‌ನಲ್ಲಿ 5ಕ್ಕಿಂತ ಕಡಿಮೆ ಆದ್ರೆ ಕೆಂಪು ಅಂತ ಕೊಟ್ಟಿದ್ದೀನಿ. ಮೊದಲೇ ಚೆನ್ನಾಗಿ ಹದ ಇರೋ ಮಣ್ಣು ಹೆಚ್ಚು ಏರೋದಿಲ್ಲ, ಅದಕ್ಕೆ ಕೆಳಗೆ ಈಗಿನ ತೇವಾಂಶದ ಗೆರೆಯನ್ನೂ ಇಟ್ಟೆ.

ಈ ಅಂಕಿಗಳು ನನ್ನ ಮಣ್ಣಿನವು, ನಿಮ್ಮದಕ್ಕೆ ನೀವೇ ಅಳೀಬೇಕು. ಒಣ ಮಣ್ಣಲ್ಲಿ ಸೆನ್ಸರ್ ತೋರಿಸೋದನ್ನ 0 ಅಂತ, ಚೆನ್ನಾಗಿ ನೀರು ಕುಡಿಸಿದ ಮಾರನೇ ದಿನದ್ದನ್ನ 100 ಅಂತ ಹಿಡೀರಿ. ಅಗ್ಗದ ಕೆಪಾಸಿಟಿವ್ ಸೆನ್ಸರ್‌ಗಳು ಉಲ್ಟಾ, ಮಣ್ಣು ಒದ್ದೆಯಾದಷ್ಟೂ ಅಂಕಿ ಇಳಿಯುತ್ತೆ. ನಾನು ಅದನ್ನ ತಿರುಗಿಸದೆ ಹಾಗೇ ಹಾಕಿದ್ದಾಗ ಅಪ್ಪ ಗ್ರಾಫ್ ನೋಡಿ, ‘ಏನಪ್ಪಾ, ನೀರು ಬಿಟ್ರೆ ನಿನ್ನ ಭೂಮಿ ಒಣಗ್ತದಲ್ಲ?’ ಅಂದಿದ್ರು.

ಎರಡನೆಯದು ಫಿಲ್ಟರ್. ನಾಲ್ಕನೇ ತಾಕಿಗೆ ನೀರು ಹೋಗದಿದ್ದದ್ದಕ್ಕೆ ಕಾರಣ ನಾನೇ. ಆ ವಾರ ಅದಕ್ಕೊಂದಕ್ಕೇ ವೆಂಚುರಿಯಲ್ಲಿ ಜೀವಾಮೃತ ಬಿಟ್ಟಿದ್ದೆ, ಅವಸರದಲ್ಲಿ ಒಂದೇ ಸಲ ಸೋಸಿದ್ದೆ. ಜಾಲರಿ ಫಿಲ್ಟರ್ ಕಟ್ಟಿಕೊಂಡಿತ್ತು. ಈಗ ಆ ಫಿಲ್ಟರಿನ ಹಿಂದೊಂದು ಮುಂದೊಂದು ಪ್ರೆಶರ್ ಸೆನ್ಸರ್ ಇವೆ. ಎರಡರ ವ್ಯತ್ಯಾಸ ಅರ್ಧ ಕೆಜಿ ದಾಟಿದ್ರೆ ತೊಳೀಬೇಕು. ಆದರೆ ಈಗಿನ ಅಂಕಿ ತೋರಿಸಬೇಡಿ. ಮೋಟಾರ್ ನಿಂತಾಗ ಎರಡೂ ಕಡೆ ಸೊನ್ನೆ, ಬೆಳಿಗ್ಗೆ ನೋಡಿದ್ರೆ ಫಿಲ್ಟರ್ ಯಾವಾಗಲೂ ಶುದ್ಧವಾಗೇ ಕಾಣುತ್ತೆ. ಲೆಕ್ಕ ‘ಮ್ಯಾಕ್ಸ್’ ಇಡಿ. ಪಕ್ಕದಲ್ಲೇ ಮೋಟಾರ್ ಎಷ್ಟು ನಿಮಿಷ ಓಡಿತು ಅನ್ನೋದೂ ಇರಲಿ, ಕರೆಂಟೇ ಬರದ ರಾತ್ರಿ ಆಗ ಗೊತ್ತಾಗುತ್ತೆ.

ಇನ್ನೊಂದು ಮೋಸ ಇದೆ. ಸ್ಟ್ಯಾಟ್ ಪ್ಯಾನೆಲ್ ತಾನಾಗಿ ತೋರಿಸೋದು ಕೊನೆಗೆ ಬಂದ ಅಂಕಿಯನ್ನ. ಇಲಿ ವೈರ್ ಕಡಿದು ಸೆನ್ಸರ್ ಮೂರು ಗಂಟೆ ಹಿಂದೆ ಸತ್ತಿದ್ರೂ ಹಳೇ ಅಂಕಿ ಅಲ್ಲೇ ಹಸಿರಾಗಿ ಕೂತಿರುತ್ತೆ. ಅದಕ್ಕೆ ಅಲರ್ಟ್‌ನಲ್ಲಿ ‘ನೋ ಡೇಟಾ’ ಬಂದಾಗ ಟೆಲಿಗ್ರಾಂಗೆ ಸುದ್ದಿ ಬರೋ ಹಾಗೆ ಮಾಡಿದ್ದೀನಿ. ಅರ್ಧ ಗಂಟೆ ಕಾದು ಆಮೇಲೆ ಕೂಗು ಅಂತ ಹೇಳಿಡಿ. ಮೊದಲ ವಾರ ವೈಫೈ ಒಂದು ನಿಮಿಷ ಹೋದ್ರೂ ರಾತ್ರಿ ಎರಡಕ್ಕೆ ಫೋನ್ ಬಡ್ಕೊಳ್ಳೋದು. ಮನೆಯವಳು ಬೈದು ಫೋನ್ ಹಾಲ್‌ನಲ್ಲಿಟ್ಟಳು, ಆಮೇಲೆ ನಿಜವಾದ ಅಲರ್ಟನ್ನೂ ನಾನು ನೋಡಲಿಲ್ಲ.

ಉಳಿದ ಗ್ರಾಫ್‌ಗಳನ್ನ ಬೇರೆ ಡ್ಯಾಶ್‌ಬೋರ್ಡ್‌ಗೆ ತಳ್ಳಿದೆ. ತಿಂಗಳಿಗೊಮ್ಮೆ ತೆಗೆದು ನೋಡ್ತೀನಿ, ಕೆಲವೊಮ್ಮೆ ಅದೂ ಇಲ್ಲ. ಅರ್ಧ ಎಕರೆ, ಒಂದೇ ತಾಕು ಇರೋರಿಗೆ ಇದ್ಯಾವುದೂ ಬೇಡ. ಬೆಳಿಗ್ಗೆ ಮಣ್ಣು ಮುಷ್ಟಿಯಲ್ಲಿ ಹಿಡಿದು ನೋಡಿ, ಸಾಕು.

ಕಟ್ಟಿದ ಮೇಲೆ ಡ್ಯಾಶ್‌ಬೋರ್ಡನ್ನ ‘ಎಕ್ಸ್‌ಪೋರ್ಟ್’ ಮಾಡಿ ಆ ಫೈಲನ್ನ ನಿಮ್ಮ ಮೇಲ್‌ಗೇ ಕಳಿಸ್ಕೊಳ್ಳಿ. ಕರೆಂಟ್ ಹೋಗಿ ಬಂದು ಪೈನ ಮೆಮೊರಿ ಕಾರ್ಡ್ ಕೆಡೋದು ಮಾಮೂಲಿ. ನನ್ನದು ಜೂನ್‌ನಲ್ಲಿ ಕೆಟ್ಟಿತು, ಹೊಸ ಕಾರ್ಡ್ ಹಾಕಿ ಅದೇ ಫೈಲ್ ಕೊಟ್ಟೆ, ನಾಲ್ಕೂ ಡಬ್ಬಿ ಬಂದವು. ಹಳೇ ಲೆಕ್ಕ ಮಾತ್ರ ಹೋಯ್ತು.