ಷರತ್ತಿನ ಸ್ಥಾನ: ಹೋಟೆಲುಗಳ ರಿಯಾಯಿತಿ ಪ್ರಕಟಣೆಗಳ ವಾಕ್ಯರಚನೆ ಮತ್ತು ಅರ್ಥವಿವಾದ

ಸಾರಾಂಶ: ಹೋಟೆಲುಗಳ ರಿಯಾಯಿತಿ ಪ್ರಕಟಣೆಗಳನ್ನು ಕುರಿತ ವಿವಾದಗಳಲ್ಲಿ ಚಿಕ್ಕ ಅಕ್ಷರದ ಷರತ್ತುಗಳು ಕಣ್ಣಿಗೆ ಬೀಳಲಿಲ್ಲವೆಂಬುದೇ ಮುಖ್ಯ ಆಕ್ಷೇಪವಾಗಿರುತ್ತದೆ. ಕನ್ನಡದ ಮಟ್ಟಿಗೆ ಸಮಸ್ಯೆ ಅಕ್ಷರದ ಗಾತ್ರಕ್ಕಿಂತ ಷರತ್ತಿನ ಸ್ಥಾನಕ್ಕೆ ಹೆಚ್ಚು ಸಂಬಂಧಿಸಿದ್ದು ಎಂದು ಪ್ರಸ್ತುತ ಲೇಖನ ವಾದಿಸುತ್ತದೆ. ‘ಕೊಡುಗೆ’ ಎಂಬ ಪದದ ವಾಕ್‌ಕ್ರಿಯಾಸ್ವರೂಪ, ‘ವರೆಗೆ’ ಎಂಬ ಪರಸರ್ಗದ ಅರ್ಥ, ನಾಮಪದಲೋಪವಿರುವ ಸಂಖ್ಯಾವಾಚಕಗಳು ಹಾಗೂ ಪಕ್ಷಾರ್ಥಕ ಉಪವಾಕ್ಯದ ಸ್ಥಾನ ಇಲ್ಲಿನ ಚರ್ಚಾವಿಷಯಗಳು.

1. ವಿವಾದದ ಸ್ವರೂಪ

ಗಲ್ಲಾದ ಮುಂದೆ ನಿಂತ ಗ್ರಾಹಕ ‘ನೀವೇ ಹೀಗೆ ಬರೆದಿದ್ದೀರಿ’ ಎನ್ನುತ್ತಾನೆ. ಗಲ್ಲಾದಲ್ಲಿ ಕುಳಿತವರು ‘ಕೆಳಗೂ ಬರೆದಿದೆಯಲ್ಲ, ನೋಡಿ ಸಾರ್’ ಎನ್ನುತ್ತಾರೆ. ಇಬ್ಬರೂ ಬೆರಳಿಟ್ಟು ತೋರಿಸುವುದು ಒಂದೇ ಹಾಳೆಯನ್ನು. ಇಂಥ ಜಗಳವನ್ನು ಒಬ್ಬರ ವಂಚನೆ ಇಲ್ಲವೆ ಇನ್ನೊಬ್ಬರ ಅಜಾಗರೂಕತೆ ಎಂದು ತೀರ್ಮಾನಿಸಿ ಮುಂದೆ ಹೋಗುವುದು ರೂಢಿ. ಆದರೆ ಅನೇಕ ಸಂದರ್ಭಗಳಲ್ಲಿ ಇಬ್ಬರ ಓದೂ ವ್ಯಾಕರಣಕ್ಕೆ ಸಮ್ಮತವಾದುದೇ ಆಗಿರುತ್ತದೆ. ಯಾವ ಓದು ‘ಸಾಮಾನ್ಯ ಗ್ರಾಹಕ’ನದು ಎಂಬುದನ್ನು ಕಾನೂನು ಊಹಿಸಬೇಕಾಗುತ್ತದೆ, ಆ ಊಹೆಗೆ ಆಧಾರ ಒದಗಿಸಬೇಕಾದ ಶಾಸ್ತ್ರ ನಮ್ಮದು.

ಈ ಅಗತ್ಯ ಕೇವಲ ಸೈದ್ಧಾಂತಿಕವಾದುದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ರಚಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್ ತಿಂಗಳಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ತಡೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಜಾಹೀರಾತಿನ ಮುಖ್ಯ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದಕ್ಕೆ ಸೇರಿಸಿದ ಷರತ್ತಿನ ಸೂಚನೆಯೂ ಅದೇ ಭಾಷೆಯಲ್ಲಿರಬೇಕು, ಅಕ್ಷರವಿನ್ಯಾಸವೂ ಅದೇ ಆಗಿರಬೇಕು, ಸೂಚನೆಯು ಹೇಳಿಕೆಯನ್ನು ವಿವರಿಸಬಹುದು ಅಥವಾ ಸಂದಿಗ್ಧತೆಯನ್ನು ಪರಿಹರಿಸಬಹುದೇ ಹೊರತು ದಾರಿತಪ್ಪಿಸುವ ಹೇಳಿಕೆಯನ್ನು ತಿದ್ದುವ ಸಾಧನವಾಗಕೂಡದು ಎಂಬುದು ಅದರ ಆಶಯ. ವಿವರಣೆ ಯಾವುದು, ತಿದ್ದುಪಡಿ ಯಾವುದು? ಇದು ಶುದ್ಧ ಅರ್ಥವಿಜ್ಞಾನದ ಪ್ರಶ್ನೆ.

2. ಕೊಡುಗೆಯೆಂಬ ವಾಕ್‌ಕ್ರಿಯೆ

ಇಂಗ್ಲಿಷಿನ ‘ಆಫರ್’ ಎಂಬ ಪದಕ್ಕೆ ಕನ್ನಡದ ಜಾಹೀರಾತುಗಳು ‘ಕೊಡುಗೆ’ಯನ್ನು ಬಳಸುತ್ತವೆ. ಕರಾರಿನ ಪರಿಭಾಷೆಯಲ್ಲಿ ಆಫರ್ ಎಂದರೆ ಪ್ರಸ್ತಾವ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಎದುರಿನವರ ಒಪ್ಪಿಗೆಯನ್ನು ಪಡೆಯುವ ಉದ್ದೇಶದಿಂದ ತನ್ನ ಸಿದ್ಧತೆಯನ್ನು ತಿಳಿಯಪಡಿಸುವುದು ಪ್ರಸ್ತಾವ. ಅದರಲ್ಲಿ ಕೊಡು ಮತ್ತು ಕೊಳ್ಳು ಎರಡೂ ಇವೆ. ಕನ್ನಡದ ‘ಕೊಡುಗೆ’ಯಲ್ಲಿ ಇರುವುದು ಕೊಡು ಮಾತ್ರ. ಶಾಸನಗಳಲ್ಲಿ ಹೋರಾಡಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಯನ್ನು ‘ನೆತ್ತರುಗೊಡಗೆ’ ಎಂದು ಕರೆಯಲಾಗಿದೆ. ಇಂದಿನ ಬಳಕೆಯಲ್ಲಿ ಸಾಹಿತ್ಯಕ್ಕೋ ಶಿಕ್ಷಣಕ್ಕೋ ಒಬ್ಬರು ಸಲ್ಲಿಸಿದ ಸೇವೆ ‘ಕೊಡುಗೆ’ಯಾಗಿದೆ. ಎರಡರಲ್ಲೂ ಪಡೆಯುವವನ ಮೇಲೆ ಷರತ್ತು ಹೇರುವ ಅರ್ಥಚ್ಛಾಯೆ ಇಲ್ಲ.

ಆಸ್ಟಿನ್ ಮತ್ತು ಸರ್ಲ್ ಅವರ ಪರಿಭಾಷೆಯಲ್ಲಿ ಹೇಳುವುದಾದರೆ, ಮೂಲದಲ್ಲಿ ಷರತ್ತುಬದ್ಧವಾದ ಪ್ರಸ್ತಾವವು ಅನುವಾದದಲ್ಲಿ ವಚನವಾಗಿ ಮಾರ್ಪಡುತ್ತದೆ. ವಚನ ಕೊಟ್ಟ ಮೇಲೆ ಷರತ್ತು ಹೇಳುವುದು ಕನ್ನಡ ಸಮಾಜದಲ್ಲಿ ಮಾತಿಗೆ ತಪ್ಪುವುದಕ್ಕೆ ಸಮೀಪದ ಕ್ರಿಯೆ. ಗಲ್ಲಾದ ಮುಂದಿನ ಜಗಳದ ಧಾಟಿಯೂ ಇದನ್ನೇ ಸೂಚಿಸುತ್ತದೆ: ‘ಇದು ಕರಾರಿನ ಉಲ್ಲಂಘನೆ’ ಎಂದು ಯಾರೂ ಕೂಗುವುದಿಲ್ಲ, ‘ಮಾತಿಗೆ ಬೆಲೆ ಬೇಡವೇ’ ಎಂದು ಕೇಳುತ್ತಾರೆ. ಮೇಲೆ ಹೇಳಿದ ರೂಢಿ ‘ಆಫರ್’ ಎಂಬ ಎರವಲು ರೂಪಕ್ಕೆ ಅಷ್ಟಾಗಿ ಅನ್ವಯಿಸದು. ಆ ಪದ ಬಂದಲ್ಲಿ ಓದುಗ ಸ್ವಲ್ಪ ಎಚ್ಚರದಿಂದಲೇ ಓದುತ್ತಾನೆ ಎಂಬುದು ನನ್ನ ಅನಿಸಿಕೆ.

3. ‘ವರೆಗೆ’: ಅಂಕಿಯ ನಂತರ ಬರುವ ಮಿತಿ

ಈ ಉದಾಹರಣೆಗಳನ್ನು ಹೋಲಿಸಿ:

(1) ಮೈಸೂರಿನವರೆಗೆ ಹೋದೆವು.
(2) ಭಾನುವಾರದವರೆಗೆ ಅಂಗಡಿ ತೆರೆದಿರುತ್ತದೆ.
(3) ಶೇ. 60ರವರೆಗೆ ರಿಯಾಯಿತಿ.

(1)ರಲ್ಲಿ ಮೈಸೂರು ತಲುಪಿದ್ದಾಗಿದೆ. ನಡುವಿನ ಹಾದಿಯೆಲ್ಲ ಕ್ರಮಿಸಿಯಾಗಿದೆ. (2)ರಲ್ಲಿ ಭಾನುವಾರಕ್ಕೆ ಮುಂಚಿನ ಪ್ರತಿದಿನವೂ ಅಂಗಡಿ ತೆರೆದಿರುತ್ತದೆ. ಭಾನುವಾರವೇ ಸೇರಿತೇ ಇಲ್ಲವೇ ಎಂಬಷ್ಟೇ ಸಂದೇಹ. ದೇಶಕಾಲಗಳಲ್ಲಿ ‘ವರೆಗೆ’ ಎಂಬುದು ಅಂತ್ಯಬಿಂದುವನ್ನೂ ಅದರ ಹಿಂದಿನ ವ್ಯಾಪ್ತಿಯನ್ನೂ ತುಂಬುವ ಪದ. (3)ರಲ್ಲಿ ಮಾತ್ರ ಅದು ಮೇಲಿನ ಮಿತಿಯನ್ನಷ್ಟೇ ಹೇಳುತ್ತದೆ. ಕೆಳಗಿನ ಮಿತಿ ತೆರೆದೇ ಉಳಿಯುತ್ತದೆ. ಶೇ. 5 ಕೊಟ್ಟರೂ ವಾಕ್ಯ ಸುಳ್ಳಾಗದು. ಸಂಖ್ಯಾವಾಚಕಗಳ ಬಗ್ಗೆ ಹಾರ್ನ್ 1972ರಲ್ಲಿ ಮಂಡಿಸಿದ ವಿಶ್ಲೇಷಣೆಯಲ್ಲಿ ಕೆಳಮಿತಿ ವಾಚ್ಯ, ಮೇಲ್ಮಿತಿ ಸೂಚಿತ. ‘ವರೆಗೆ’ ಸೇರಿದೊಡನೆ ಈ ವ್ಯವಸ್ಥೆ ತಲೆಕೆಳಗಾಗುತ್ತದೆ: ಮೇಲ್ಮಿತಿ ವಾಚ್ಯವಾಗುತ್ತದೆ, ‘ಶೇ. 60ರ ಆಸುಪಾಸಿನಲ್ಲಿ ಸಾಕಷ್ಟು ಪದಾರ್ಥಗಳಾದರೂ ಸಿಗುತ್ತವೆ’ ಎಂಬ ನಿರೀಕ್ಷೆ ಸೂಚಿತಾರ್ಥದ ಪಾಲಿಗೆ ಬರುತ್ತದೆ. ಗ್ರೈಸ್ ಹೇಳುವ ಸಹಕಾರತತ್ತ್ವವನ್ನು ನಂಬಿ ಓದುವವನಿಗೆ ಆ ನಿರೀಕ್ಷೆ ಸಹಜವಾದುದು. ಹೇಳಲು ತಕ್ಕುದಲ್ಲದ ಅಂಕಿಯನ್ನು ಯಾರೂ ಫಲಕದಲ್ಲಿ ಹಾಕಲಾರರಷ್ಟೆ.

ಇಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಇರುವ ಒಂದು ಭೇದ ಗಮನಾರ್ಹ. ಇಂಗ್ಲಿಷಿನಲ್ಲಿ ಮಿತಿಸೂಚಕ ಪದಗಳು ಅಂಕಿಗೆ ಮೊದಲು, ಬಿಡಿಯಾಗಿ ಬರುತ್ತವೆ. ಓದುಗನಿಗೆ ಮಿತಿ ಮೊದಲು, ಅಂಕಿ ಆಮೇಲೆ. ಕನ್ನಡದ ‘ವರೆಗೆ’ ಷಷ್ಠಿಯ ರೂಪಕ್ಕೆ ಅಂಟಿ ಅಂಕಿಯ ಬೆನ್ನಿಗೆ ಬರುತ್ತದೆ. ಫಲಕದಲ್ಲಿ ‘60’ ಎಂಬುದನ್ನು ಗೇಣುದ್ದ ಬರೆದು ‘ರವರೆಗೆ’ ಎಂಬುದನ್ನು ಅದರ ಕಾಲಬುಡದಲ್ಲಿ ಬೆರಳುದ್ದ ಬರೆದಾಗ ಆಗುವುದು ಒಂದು ಪದದ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪದವಿಟ್ಟಂತಲ್ಲ. ಒಂದೇ ಪದರೂಪವನ್ನು ಪ್ರಕೃತಿಯೊಂದು ಕಡೆ, ಪ್ರತ್ಯಯಭಾಗವೊಂದು ಕಡೆ ಎಂದು ಸೀಳಿದಂತೆ. ‘ಶೇ. 60ರಷ್ಟು’ ಎಂದಿದ್ದರೂ ದೂರದಿಂದ ಕಾಣುತ್ತಿದ್ದುದು ಅಷ್ಟೇ. ‘ರಷ್ಟು’ ಮತ್ತು ‘ರವರೆಗೆ’ಗಳ ನಡುವೆ ಇಡೀ ವಿವಾದ ಅಡಗಿದ್ದರೂ ಓದುಗನಿಗೆ ಅವೆರಡೂ ಬರಿಯ ಬಾಲಗಳು.

ಇದೇ ಪರಸರ್ಗ ರೂಪಾಯಿಯ ಅಂಕಿಗೆ ಸೇರಿದಾಗ ಇನ್ನೂ ಸೂಕ್ಷ್ಮವಾದ ಸಮಸ್ಯೆ ಹುಟ್ಟುತ್ತದೆ. ಮನೆಗೆ ಊಟ ತಲುಪಿಸುವ ಸೇವೆಗಳಲ್ಲಿ ಚಿರಪರಿಚಿತವಾದ ಒಂದು ಮಾದರಿಯನ್ನು ನಾವೇ ರಚಿಸಿಕೊಳ್ಳೋಣ:

(4) ಶೇ. 60 ರಿಯಾಯಿತಿ. *120 ರೂ. ವರೆಗೆ. *ಕನಿಷ್ಠ ಬಿಲ್ 199 ರೂ.

800 ರೂಪಾಯಿಯ ಬಿಲ್ಲಿಗೆ ಶೇ. 60 ಎಂದರೆ 480 ರೂಪಾಯಿ. ಸಿಗುವುದು 120, ಅಂದರೆ ಶೇ. 15. ಶೇ. 60 ಎಂಬ ಮಾತು ನಿಜವಾಗುವುದು 200 ರೂಪಾಯಿ ಮೀರದ ಬಿಲ್ಲಿಗೆ ಮಾತ್ರ. 199ಕ್ಕಿಂತ ಕಡಿಮೆಯಾದರೆ ಕೊಡುಗೆಯೇ ಇಲ್ಲ. ಎರಡು ಷರತ್ತುಗಳನ್ನೂ ಸೇರಿಸಿ ಓದಿದರೆ ದಪ್ಪಕ್ಷರದ ಹೇಳಿಕೆ 199ರಿಂದ 200 ರೂಪಾಯಿಯ ನಡುವಿನ ಒಂದು ರೂಪಾಯಿಯ ಅಂತರದಲ್ಲಷ್ಟೇ ಸತ್ಯ. ಬಿಡಿಬಿಡಿಯಾಗಿ ನೋಡಿದಾಗ ಎರಡೂ ಷರತ್ತುಗಳು ನಿರಪಾಯಕಾರಿ. ಕೂಡಿದಾಗ ಮೂಲವಾಕ್ಯಕ್ಕೆ ಉಸಿರಾಡಲು ಜಾಗವಿಲ್ಲ.

ವಿವರಣೆಗೂ ತಿದ್ದುಪಡಿಗೂ ಇರುವ ಗೆರೆಯನ್ನು ಇಲ್ಲಿ ಎಳೆಯಬಹುದು. ಗ್ರೈಸ್ 1975ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಸೂಚಿತಾರ್ಥವನ್ನು ವಿರೋಧಾಭಾಸವಿಲ್ಲದೆ ರದ್ದುಪಡಿಸಬಹುದು, ವಾಚ್ಯಾರ್ಥವನ್ನು ಹಾಗೆ ಮಾಡಲಾಗದು. ‘ಶೇ. 60 ರಿಯಾಯಿತಿ, ಸೋಮವಾರದಿಂದ ಗುರುವಾರದವರೆಗೆ ಮಾತ್ರ’ ಎಂದರೆ ಹೇಳದೆ ಬಿಟ್ಟ ಕಾಲವ್ಯಾಪ್ತಿ ಸಂಕುಚಿತವಾಯಿತೇ ವಿನಾ ಹೇಳಿದ ಮಾತು ಕೆಡಲಿಲ್ಲ. (4)ರಲ್ಲಿ ಹಾಗಲ್ಲ. ಬಿಲ್ಲಿನ ಮೇಲೆ ಶೇ. 60 ಎಂಬ ಅನುಪಾತವೇ ವಾಚ್ಯ. 120 ರೂಪಾಯಿಯ ಮಿತಿ ಆ ಅನುಪಾತವನ್ನೇ ಅಳಿಸುತ್ತದೆ. ಮೊದಲನೆಯದು ವಿವರಣೆ, ಎರಡನೆಯದು ತಿದ್ದುಪಡಿ. ಕನಿಷ್ಠ ಬಿಲ್ಲಿನ ಷರತ್ತು ಇವೆರಡರ ನಡುವೆ ನಿಲ್ಲುತ್ತದೆ. ಅದನ್ನು ಯಾವ ಕಡೆಗೆ ಸೇರಿಸಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ.

4. ಒಂದು ಮತ್ತು ಇನ್ನೊಂದು

(5) ಒಂದು ಮಟನ್ ಬಿರಿಯಾನಿ ಕೊಂಡರೆ ಒಂದು ಉಚಿತ.
(6) ಒಂದು ಮಟನ್ ಬಿರಿಯಾನಿ ಕೊಂಡರೆ ಇನ್ನೊಂದು ಉಚಿತ.

(5)ರ ಎರಡನೆಯ ‘ಒಂದು’ವಿನ ವಿಶೇಷ್ಯ ಲೋಪವಾಗಿದೆ. ಲೋಪವಾದದ್ದು ‘ಮಟನ್ ಬಿರಿಯಾನಿ’ಯೇ, ಬರಿಯ ‘ಬಿರಿಯಾನಿ’ಯೇ, ಅಥವಾ ಹೋಟೆಲಿನವರು ಮನಸ್ಸಿಗೆ ಬಂದಂತೆ ಆರಿಸುವ ಯಾವುದೋ ಪದಾರ್ಥವೇ? ‘ಸಮಾನ ಅಥವಾ ಕಡಿಮೆ ಬೆಲೆಯದು’ ಎಂಬ ಅಡಿಟಿಪ್ಪಣಿ ಈ ತೆರಪಿನಲ್ಲಿ ನುಸುಳಲು ಜಾಗವಿದೆ. (6)ರಲ್ಲಿ ಅಷ್ಟು ಜಾಗವಿಲ್ಲ. ‘ಇನ್ನೊಂದು’ ಎಂಬುದು ಹಿಂದೆ ಹೇಳಿದ ಜಾತಿಗೇ ಸೇರಿದ ಮತ್ತೊಂದು ವ್ಯಕ್ತಿಯನ್ನು ಬಯಸುತ್ತದೆ. ಮಟನ್ ಬಿರಿಯಾನಿ ತಿಂದವನಿಗೆ ವೆಜ್ ಬಿರಿಯಾನಿಯ ಪೊಟ್ಟಣ ಕೊಟ್ಟು ‘ಇದೇ ಇನ್ನೊಂದು’ ಎನ್ನಲಾಗದು. ಫಲಕದ ಮೇಲೆ ಒಂದಕ್ಷರ ಉಳಿಸಲೆಂದು ‘ಒಂದು’ವನ್ನು ಆರಿಸಿದವರು ಅರ್ಥದಲ್ಲಿ ಬಹಳಷ್ಟನ್ನು ಉಳಿಸಿಕೊಂಡಿದ್ದಾರೆ.

‘ಅನ್‌ಲಿಮಿಟೆಡ್ ಊಟ’ದ ಬಗ್ಗೆ ಇಷ್ಟು ಜಗಳ ಏಕಿಲ್ಲ ಎಂದು ಕೇಳಬಹುದು. ಅಲ್ಲಿಯೂ ಪದ ಮತ್ತು ವಾಸ್ತವ ಒಂದಲ್ಲ: ಅನ್ನ, ಸಾರು, ಹುಳಿ ಬೇಕಾದಷ್ಟು, ಸಿಹಿ ಒಂದೇ ಸಲ, ಹಪ್ಪಳವೂ ಹಾಗೆಯೇ. ಫಿಲ್‌ಮೋರ್ ಹೇಳುವ ಅರ್ಥಚೌಕಟ್ಟು ಇಲ್ಲಿ ಬಡಿಸುವವನಿಗೂ ಉಣ್ಣುವವನಿಗೂ ಸಮಾನವಾಗಿ ತಿಳಿದಿದೆ, ಆದ್ದರಿಂದ ಬರೆಯದ ಷರತ್ತೂ ನಡೆಯುತ್ತದೆ. ಚೌಕಟ್ಟು ಹೊಸದಾದಾಗ ಪದವನ್ನು ಅಕ್ಷರಶಃ ಹಿಡಿಯಲಾಗುತ್ತದೆ. ಅಮೆರಿಕದ ರೆಡ್ ಲಾಬ್‌ಸ್ಟರ್ ಸಂಸ್ಥೆ 2023ರಲ್ಲಿ 20 ಡಾಲರಿಗೆ ಕೊನೆಯಿಲ್ಲದ ಸಿಗಡಿಯನ್ನು ನಿತ್ಯದ ಕೊಡುಗೆಯಾಗಿಸಿತು. 2024ರ ಮೇ ತಿಂಗಳಲ್ಲಿ ದಿವಾಳಿ ಸಂರಕ್ಷಣೆ ಕೋರಿದಾಗ ಆ ಕೊಡುಗೆಯ ನಷ್ಟವನ್ನೂ ಅದು ಕಾರಣಗಳಲ್ಲಿ ಸೇರಿಸಿತ್ತು.

5. ಷರತ್ತು ಮೊದಲು, ಫಲ ಆಮೇಲೆ

ಕನ್ನಡ ಕ್ರಿಯಾಂತ್ಯ ಭಾಷೆ. ‘ಮಳೆ ಬಂದರೆ ಬರುವುದಿಲ್ಲ’ ಎಂಬಲ್ಲಿ ಪಕ್ಷಾರ್ಥಕ ಉಪವಾಕ್ಯ ಮೊದಲು, ಪ್ರಧಾನವಾಕ್ಯ ಆಮೇಲೆ. ಗುಣವಾಚಕ, ಕೃದಂತ ವಿಶೇಷಣ, ಷರತ್ತು ಎಲ್ಲವೂ ತಾವು ಮಿತಿಗೊಳಿಸುವ ಅಂಶದ ಎಡಕ್ಕೆ ನಿಲ್ಲುತ್ತವೆ. ಪ್ರಧಾನಕ್ರಿಯೆ ಬಂದಿತೆಂದರೆ ವಾಕ್ಯ ಮುಗಿಯಿತು, ಮಾತು ಕೊಟ್ಟಾಯಿತು. ಆಡುಮಾತಿನಲ್ಲಿ ‘ಬರ್ತೀನಿ, ಮಳೆ ಇಲ್ಲದಿದ್ದರೆ’ ಎನ್ನುವುದುಂಟು ಎಂಬ ಆಕ್ಷೇಪ ಸರಿಯಾದುದೇ. ಆದರೆ ಅಲ್ಲಿ ಷರತ್ತು ಅದೇ ಉಸಿರಿನಲ್ಲಿ, ಅದೇ ದನಿಯ ಏರಿಳಿತದ ಒಳಗೆ ಬರುತ್ತದೆ. ಮುದ್ರಿತ ಪ್ರಕಟಣೆಗೆ ಆ ಉಸಿರಿಲ್ಲ. ಅದಕ್ಕೆ ಬದಲಾಗಿ ಇರುವುದು ಒಂದು ನಕ್ಷತ್ರಚಿಹ್ನೆ.

ಭಾರತೀಯ ಶಾಬ್ದಬೋಧದ ಪರಿಭಾಷೆ ಈ ಚಿಹ್ನೆಯನ್ನು ವಿವರಿಸಲು ಅಚ್ಚುಕಟ್ಟಾಗಿ ಒದಗುತ್ತದೆ. ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಬೇಕು. ಜಾವಕ್ಕೊಂದರಂತೆ ಬಿಡಿಬಿಡಿಯಾಗಿ ಉಚ್ಚರಿಸಿದ ಪದಗಳು ಸನ್ನಿಧಿಯ ಅಭಾವದಿಂದ ಪ್ರಮಾಣವಾಗವು ಎಂಬುದು ಅನ್ನಂಭಟ್ಟನ ತರ್ಕಸಂಗ್ರಹದ ಪ್ರಸಿದ್ಧ ನಿದರ್ಶನ. ನಕ್ಷತ್ರಚಿಹ್ನೆ ಆಕಾಂಕ್ಷೆಯನ್ನು ಹುಟ್ಟಿಸುತ್ತದೆ, ಸನ್ನಿಧಿಯನ್ನು ಒದಗಿಸುವುದಿಲ್ಲ. ಷರತ್ತುಗಳು ಪುಟದ ಬುಡದಲ್ಲಿಯೋ, ಮೊಬೈಲಿನಲ್ಲಾದರೆ ಇನ್ನೊಂದು ಪರದೆಯಲ್ಲಿಯೋ ಇರುತ್ತವೆ; ಅಲ್ಲಿಗೆ ಹೋಗುವ ವೇಳೆಗೆ ಊಟ ತರಿಸಿಯಾಗಿರುತ್ತದೆ. ‘ಷರತ್ತುಗಳು ಅನ್ವಯಿಸುತ್ತವೆ’ ಎಂಬ ವಾಕ್ಯವಂತೂ ಸ್ವತಃ ಷರತ್ತಲ್ಲ. ಷರತ್ತುಗಳಿವೆ ಎಂಬುದನ್ನಷ್ಟೇ ಪೂರ್ವಭಾವಿಸಿ, ಅವು ಏನೆಂಬುದನ್ನು ಹೇಳದೆ ಮುಗಿಯುವ ವಾಕ್ಯ ಅದು. ಪದ್ಯದ ಪದಗಳನ್ನು ಗದ್ಯಕ್ರಮಕ್ಕೆ ತಂದು ಜೋಡಿಸುವುದನ್ನು ವ್ಯಾಖ್ಯಾನಕಾರರು ‘ಅನ್ವಯ’ ಎಂದರು; ಹೋಟೆಲಿನ ಪ್ರಕಟಣೆ ಆ ಶ್ರಮವನ್ನು ಹಸಿದವನ ಮೇಲೆ ಹೊರಿಸುತ್ತದೆ.

ಮಾತು ಮುಗಿದ ಮೇಲೆ ಬಂದ ಷರತ್ತನ್ನು ನ್ಯಾಯಾಲಯಗಳು ಒಪ್ಪದಿರುವುದಕ್ಕೆ ಅಮೆರಿಕದ ಮಿನೆಸೋಟದಲ್ಲಿ 1957ರಲ್ಲಿ ತೀರ್ಮಾನವಾದ ಲೆಫ್ಕೊವಿಟ್ಜ್ ಪ್ರಕರಣ ಹಳೆಯ ಉದಾಹರಣೆ. ಮೊದಲು ಬಂದವರಿಗೆ ಒಂದು ಡಾಲರಿಗೆ ತುಪ್ಪಳದ ಹೊದಿಕೆ ಎಂದು ಪ್ರಕಟಿಸಿದ ಅಂಗಡಿ, ಮೊದಲು ಬಂದ ಗಂಡಸಿಗೆ ‘ನಮ್ಮ ನಿಯಮದಂತೆ ಇದು ಹೆಂಗಸರಿಗೆ ಮಾತ್ರ’ ಎಂದಿತು. ಪ್ರಕಟಣೆಯಲ್ಲಿಲ್ಲದ ಆ ನಿಯಮವನ್ನು ಒಪ್ಪಿಗೆಯಾದ ಮೇಲೆ ಸೇರಿಸಲಾಗದು ಎಂದು ನ್ಯಾಯಾಲಯ ಹೇಳಿತು. ಅಲ್ಲಿ ಷರತ್ತು ಬರೆದೇ ಇರಲಿಲ್ಲ. ನಮ್ಮ ಮುಂದಿರುವುದು ಬರೆದಿದ್ದರೂ ವಾಕ್ಯದ ಹೊರಗೆ ಉಳಿದ ಷರತ್ತು.

2022ರ ಮಾರ್ಗಸೂಚಿಗಳ ಮಿತಿ ಕಾಣುವುದು ಇಲ್ಲಿಯೇ. ಭಾಷೆ ಒಂದೇ ಇರಬೇಕೆಂಬ ನಿಯಮ ಕನ್ನಡಕ್ಕೆ ನಿಜವಾಗಿ ಉಪಕಾರಿ. ಕನ್ನಡದ ದಪ್ಪ ಸಾಲಿನ ಕೆಳಗೆ ಇಂಗ್ಲಿಷಿನ ಷರತ್ತು ಇಡುವ ಅಭ್ಯಾಸಕ್ಕೆ ಅದು ನೇರ ಉತ್ತರ. ಸಾಮಾನ್ಯ ದೃಷ್ಟಿಯವನಿಗೆ ಒಮ್ಮೆ ಓದಿದಾಗ ಸ್ಪಷ್ಟವಾಗಿ ಕಾಣಬೇಕು ಎಂದೂ ಅದು ಹೇಳುತ್ತದೆ. ಆದರೆ ಕಾಣುವುದೂ ಅರ್ಥವಾಗುವುದೂ ಒಂದೇ ಅಲ್ಲ. ಒಂದೇ ಭಾಷೆ, ಒಂದೇ ಅಕ್ಷರವಿನ್ಯಾಸ, ಎದ್ದುಕಾಣುವ ಜಾಗ, ಇವೆಲ್ಲವನ್ನೂ ಪಾಲಿಸಿಯೂ (4)ನ್ನು ಹಾಗೆಯೇ ಮುದ್ರಿಸಬಹುದು. ಅದು ತಿದ್ದುಪಡಿಯೆಂದು ತೋರಿಸುವ ಅರ್ಥಪರೀಕ್ಷೆ ಮಾರ್ಗಸೂಚಿಯಲ್ಲಿಲ್ಲ. ಅದೇ ಮಾಹಿತಿಯನ್ನು ಕನ್ನಡದ ಪದಕ್ರಮಕ್ಕೆ ಒಪ್ಪುವಂತೆ ಹೀಗೆ ಬರೆಯಲು ಸಾಧ್ಯ:

(7) ಬಿಲ್ 199 ರೂ.ಗಿಂತ ಕಡಿಮೆಯಿಲ್ಲದಿದ್ದು 200 ರೂ. ಮೀರದಿದ್ದರೆ ಶೇ. 60 ರಿಯಾಯಿತಿ, 200 ರೂ. ಮೀರಿದರೆ 120 ರೂ. ಕಡಿತ.

ಯಾವ ಅಕ್ಷರವನ್ನು ಎಷ್ಟು ದಪ್ಪ ಮಾಡಿದರೂ (7)ರಲ್ಲಿ ಷರತ್ತನ್ನು ದಾಟದೆ ಫಲವನ್ನು ತಲುಪಲಾಗದು. ನಕ್ಷತ್ರಚಿಹ್ನೆಗೆ ಕೆಲಸವಿಲ್ಲ. ಮೊದಲ ಉಪವಾಕ್ಯದ ಒಂದು ರೂಪಾಯಿಯ ವ್ಯಾಪ್ತಿ ಬರೆಯುವವನ ಕಣ್ಣಿಗೇ ಮೊದಲು ಬೀಳುವುದರಿಂದ ಯಾವ ಹೋಟೆಲೂ ಇದನ್ನು ಫಲಕದಲ್ಲಿ ಹಾಕಲಾರದು.