ಗಿಡವಾಗಿ ಬಗ್ಗದ ಬೆಕ್ಕು

ಬೆಕ್ಕು ಸಾಕಬೇಕೆಂದು ಹೊರಟವರಿಗೆ ಸಿಗುವ ಮೊದಲ ಸಲಹೆ: ಮರಿಯನ್ನೇ ತನ್ನಿ, ದೊಡ್ಡದು ಒಗ್ಗುವುದಿಲ್ಲ. ಬೆನ್ನಿಗೇ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯೂ ಬರುತ್ತದೆ. ಗಾದೆ ಸುಳ್ಳೆಂದು ವಾದಿಸಬೇಕಿಲ್ಲ. ಬೆಕ್ಕು ಗಿಡವಾಗಿರುವುದು ಎಷ್ಟು ದಿನ ಎಂದು ಕೇಳಿದರೆ ಸಾಕು. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳ ಪ್ರಕಾರ, ಮರಿ ಮನುಷ್ಯರಿಗೆ ಹೊಂದಿಕೊಳ್ಳುವ ಸೂಕ್ಷ್ಮ ಅವಧಿ ಎರಡನೇ ವಾರದಿಂದ ಏಳನೇ ವಾರದವರೆಗೆ. ಆ ದಿನಗಳಲ್ಲಿ ದಿನವೂ ಕೈಗೆತ್ತಿಕೊಂಡು ಆಡಿಸಿದ ಮರಿ ಮುಂದೆ ತಾನಾಗಿ ಜನರ ಬಳಿ ಬರುತ್ತದೆ. ಯಾರೂ ಮುಟ್ಟದ ಮರಿ ಬೆದರುತ್ತದೆ. ಇತ್ತ, ತಾಯಿಯಿಂದ ಮರಿಯನ್ನು ಬೇರ್ಪಡಿಸಲು ಪಶುವೈದ್ಯರು ಹೇಳುವ ಕನಿಷ್ಠ ವಯಸ್ಸು ಎಂಟು ವಾರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸರಿಯಾದ ವಯಸ್ಸಿಗೆ ತಂದ ಮರಿ ಹೊಸ್ತಿಲು ದಾಟುವ ಹೊತ್ತಿಗೆ ಬಗ್ಗುವ ಕಾಲ ಬಹುಪಾಲು ಮುಗಿದಿರುತ್ತದೆ. ಬಗ್ಗಿಸಿದವರು ಬೇರೆ ಯಾರೋ; ಬಗ್ಗಿಸಿದ್ದರೋ ಇಲ್ಲವೋ ಎಂಬುದು ಅದರ ಮುದ್ದು ಮುಖ ನೋಡಿದರೆ ತಿಳಿಯುವುದಿಲ್ಲ.

ಹಾಗಾದರೆ ಇನ್ನೂ ಬೇಗ ತಂದರಾಯಿತಲ್ಲ ಎನ್ನಬಹುದು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದೂ ಅದೇ: ಕಣ್ಣು ಬಿಟ್ಟು ತಿಂಗಳಾಗುವಷ್ಟರಲ್ಲಿ ಮರಿ ರಟ್ಟಿನ ಪೆಟ್ಟಿಗೆಯಲ್ಲಿ ಹೊಸ ಮನೆ ಸೇರಿರುತ್ತದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಸುಮಾರು 5,700 ಬೆಕ್ಕುಗಳ ವಿವರ ಕಲೆಹಾಕಿ ನೋಡಿದಾಗ, ಎಂಟು ವಾರ ತುಂಬುವ ಮೊದಲೇ ತಾಯಿಯನ್ನು ಬಿಟ್ಟ ಬೆಕ್ಕುಗಳಲ್ಲಿ ಆಕ್ರಮಣಶೀಲತೆ ಹೆಚ್ಚಿತ್ತು. 14 ವಾರದವರೆಗೂ ತಾಯಿಯ ಜೊತೆ ಬಿಡುವುದು ಒಳ್ಳೆಯದೆಂದು ಅವರು ಸೂಚಿಸಿದರು. ಕಾರಣ ಊಹಿಸುವುದು ಕಷ್ಟವಲ್ಲ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನದಕ್ಕೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಉರುಳಾಡಿ ಕುಸ್ತಿಯಾಡುವಾಗ. ಆ ಪಾಠ ತಪ್ಪಿದರೆ ಅಭ್ಯಾಸಕ್ಕೆ ಉಳಿಯುವುದು ನಮ್ಮ ಕೈ. ಸಾಲದ್ದಕ್ಕೆ ಸ್ವಭಾವದಲ್ಲಿ ತಂದೆಯ ಪಾಲೂ ಇದೆ. ಸ್ನೇಹಶೀಲ ಗಂಡುಬೆಕ್ಕಿಗೆ ಹುಟ್ಟಿದ ಮರಿಗಳು ಅಪರಿಚಿತರ ಬಳಿ ಹೆಚ್ಚು ಧೈರ್ಯದಿಂದ ಹೋಗುತ್ತವೆಂದು ಸಾಂಡ್ರಾ ಮೆಕ್‌ಕ್ಯೂನ್ 1995ರಲ್ಲಿ ತೋರಿಸಿದರು. ಸಂಪಿನ ಮೂಲೆಯಲ್ಲಿ ಸಿಕ್ಕ ಮರಿಯ ತಂದೆ ಯಾರೆಂದು ಯಾರನ್ನು ಕೇಳೋಣ?

ಬೆಕ್ಕಿನ ಸ್ವಭಾವ ಒಂದು ನೆಲೆಗೆ ಬರುವುದು ಎರಡರಿಂದ ನಾಲ್ಕು ವರ್ಷದೊಳಗೆ. ಮೂರು ತಿಂಗಳ ಮರಿಗಳೆಲ್ಲ ಪರದೆ ಹತ್ತುತ್ತವೆ, ಕಾಲ್ಬೆರಳಿಗೆ ಹಾರುತ್ತವೆ. ಅವುಗಳಲ್ಲಿ ಯಾವುದು ಮುಂದೆ ತೊಡೆಯ ಮೇಲೆ ಮಲಗುವುದು, ಯಾವುದು ಬೀರುವಿನ ಮೇಲಿಂದ ಇಳಿಯದೆ ಇರುವುದು ಎಂದು ಹೇಳಲು ಬರುವುದಿಲ್ಲ. ಮೂರು ವರ್ಷದ ಬೆಕ್ಕಿನ ವಿಷಯದಲ್ಲಿ ಊಹೆ ಬೇಕಿಲ್ಲ. ಮಕ್ಕಳ ಗಲಾಟೆ ತಡೆದುಕೊಳ್ಳುತ್ತದೆಯೇ, ನಾಯಿ ಕಂಡರೆ ಏನು ಮಾಡುತ್ತದೆ, ರಾತ್ರಿ ಎರಡಕ್ಕೆ ಕೂಗುವ ಚಾಳಿ ಇದೆಯೇ ಎಂಬುದೆಲ್ಲ ಅದನ್ನು ತಾತ್ಕಾಲಿಕವಾಗಿ ಸಾಕಿದವರಿಗೆ ಗೊತ್ತು. ದಿನವಿಡೀ ಕೆಲಸಕ್ಕೆ ಹೋಗುವ ದಂಪತಿಗೂ, ಎಪ್ಪತ್ತು ದಾಟಿ ಕಾಲಿಗೆ ಅಡ್ಡ ಬರುವ ಮರಿಗೆ ಹೆದರುವ ಅಜ್ಜಿಗೂ ಈ ಮಾಹಿತಿ ಮರಿಯ ಮುದ್ದಿಗಿಂತ ಹೆಚ್ಚು ಬೆಲೆಯದು.

ಬೆಕ್ಕು ಮನೆಯನ್ನು ನಂಬುತ್ತದೆ, ಮನುಷ್ಯರನ್ನಲ್ಲ ಎಂಬುದು ಇನ್ನೊಂದು ಹಳೆಯ ಮಾತು. ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟರೂ ಮರಳಿ ಬಂದ ಬೆಕ್ಕಿನ ಕಥೆ ಇಲ್ಲದ ಊರಿಲ್ಲ. ದೊಡ್ಡ ಬೆಕ್ಕನ್ನು ತಂದರೆ ಅದರ ಮನಸ್ಸು ಹಳೆಯ ಮನೆಯಲ್ಲೇ ಉಳಿಯುತ್ತದೆ ಎಂಬ ಅನುಮಾನ ಹುಟ್ಟಿದ್ದು ಇಲ್ಲಿಂದ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಸಾಕಿದವರಿಂದ ಬೆಕ್ಕನ್ನು ಎರಡು ನಿಮಿಷ ದೂರವಿಟ್ಟು ಮತ್ತೆ ಸೇರಿಸಿ ಅದರ ವರ್ತನೆ ಗಮನಿಸಿದರು. ಮರಿಗಳಲ್ಲಿ ಸುಮಾರು ಶೇ 64, ಬೆಳೆದ ಬೆಕ್ಕುಗಳಲ್ಲಿ ಸುಮಾರು ಶೇ 66 ತಮ್ಮವರನ್ನು ಕಂಡೊಡನೆ ನಿರಾಳವಾಗಿ, ಅವರ ನಂಟಿನ ಭದ್ರತೆಯಲ್ಲಿ ಕೋಣೆ ಸುತ್ತತೊಡಗಿದವು. ಇಲ್ಲೊಂದು ಆಕ್ಷೇಪ ನ್ಯಾಯವಾದದ್ದು: ಆ ದೊಡ್ಡ ಬೆಕ್ಕುಗಳು ಮರಿಯಿಂದಲೇ ಅಲ್ಲಿ ಬೆಳೆದಿರಬಹುದಲ್ಲ? ಹೌದು, ಹೊಸಬರೊಂದಿಗೆ ನಂಟು ಬೆಳೆಯುತ್ತದೆಂದು ಆ ಅಂಕಿ ತಾನಾಗಿ ಸಾಬೀತು ಮಾಡುವುದಿಲ್ಲ. ಅದಕ್ಕೆ ಅದೇ ವಿಶ್ವವಿದ್ಯಾಲಯದ 2017ರ ಪ್ರಯೋಗ ನೋಡಬೇಕು. ಆಹಾರ, ಆಟಿಕೆ, ವಾಸನೆ, ಮನುಷ್ಯರ ಸಹವಾಸ ಇವುಗಳಲ್ಲಿ ಯಾವುದು ಬೇಕೆಂದು ಬೆಳೆದ ಬೆಕ್ಕುಗಳ ಮುಂದಿಟ್ಟಾಗ ಅತಿ ಹೆಚ್ಚು ಬೆಕ್ಕುಗಳು ಆರಿಸಿಕೊಂಡದ್ದು ಮನುಷ್ಯರ ಸಹವಾಸವನ್ನು, ಊಟ ಎರಡನೆಯದು. ಪರೀಕ್ಷೆಗೆ ಬಂದವುಗಳಲ್ಲಿ ಮನೆಬೆಕ್ಕುಗಳಷ್ಟೇ ಅಲ್ಲ, ಆಶ್ರಯಧಾಮದ ಬೆಕ್ಕುಗಳೂ ಇದ್ದವು. ಇನ್ನು ಹೊಳೆ ದಾಟಿ ಬಂದ ಬೆಕ್ಕು ಹೇಳುವುದಿಷ್ಟೇ: ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ ಅದು ಗೊತ್ತಿರುವ ಜಾಗ ಹುಡುಕುತ್ತದೆ. ಆದ್ದರಿಂದ ದೊಡ್ಡ ಬೆಕ್ಕನ್ನು ತಂದ ಮೊದಲ ಮೂರು-ನಾಲ್ಕು ವಾರ ಕಿಟಕಿ, ಬಾಲ್ಕನಿ ಭದ್ರವಾಗಿ ಮುಚ್ಚಿಡಬೇಕು.

ಹಿಂದಿನ ಕಹಿ ನೆನಪನ್ನು ಹೊತ್ತು ತರುತ್ತದಲ್ಲ ಎಂಬವರು ತೆನಾಲಿ ರಾಮಕೃಷ್ಣನ ಬೆಕ್ಕನ್ನು ಎತ್ತಿ ತೋರಿಸಬಹುದು. ಒಮ್ಮೆ ಬಾಯಿ ಸುಟ್ಟುಕೊಂಡ ಬೆಕ್ಕು ಹಾಲು ಕಂಡರೆ ಓಡಿತು, ನಿಜ. ಆದರೆ ಅದು ಹೆದರಿದ್ದು ಹಾಲಿಗೆ, ರಾಮಕೃಷ್ಣನಿಗಲ್ಲ. ಬೆಕ್ಕಿನ ಭಯಗಳು ಬಹುಮಟ್ಟಿಗೆ ಹೀಗೆ ನಿರ್ದಿಷ್ಟ: ಪೊರಕೆ, ಮಿಕ್ಸಿಯ ಸದ್ದು, ಹೆಲ್ಮೆಟ್ ಹಾಕಿದ ತಲೆ. ಗೊತ್ತಾದರೆ ಸುಧಾರಿಸಬಹುದು. ನೆದರ್ಲೆಂಡ್ಸ್‌ನಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಿಗೆ ಅಡಗಲು ಒಂದು ಪೆಟ್ಟಿಗೆ ಕೊಟ್ಟದ್ದರಿಂದಲೇ ಮೊದಲ ಕೆಲವು ದಿನಗಳ ಒತ್ತಡ ಗಣನೀಯವಾಗಿ ತಗ್ಗಿತು. ಖರ್ಚಿಲ್ಲದ ಉಪಾಯ. ಬೆಕ್ಕು ಮಂಚದಡಿಯಿಂದ ಎರಡು ದಿನ ಹೊರಬರಲಿಲ್ಲವೆಂದು ಎಳೆದು ತೆಗೆಯುವುದು ಅದಕ್ಕೆ ತದ್ವಿರುದ್ಧ. ಅಂದ ಹಾಗೆ, ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದಿಲ್ಲ; ಹಾಲನ್ನ ತಿಂದು ಭೇದಿಯಾದರೆ ‘ಹೊಸ ಮನೆ ಒಗ್ಗಲಿಲ್ಲ’ ಎಂದು ದೂರುವ ಮುನ್ನ ಬಟ್ಟಲು ನೋಡುವುದು ಮೇಲು.

ಬಸುರಿಯಿರುವ ಮನೆಯಲ್ಲಿ ಬೆಕ್ಕಿರಬಾರದೆಂಬ ಭಯಕ್ಕೆ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಕಾರಣ. ಬೆಕ್ಕು ಇದರ ಸೂಕ್ಷ್ಮ ಕೋಶಗಳನ್ನು ಮಲದಲ್ಲಿ ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ, ಒಂದರಿಂದ ಮೂರು ವಾರ ಮಾತ್ರ. ಆ ಮೊದಲ ಸೋಂಕು ಹೆಚ್ಚಾಗಿ ಬೇಟೆ ಕಲಿಯುವ ಎಳೆ ಬೆಕ್ಕುಗಳಿಗೆ ಬರುತ್ತದೆ. ಎಂದರೆ ಮನೆಯೊಳಗೇ ಇರುವ, ಹಸಿ ಮಾಂಸ ತಿನ್ನದ ದೊಡ್ಡ ಬೆಕ್ಕಿನಿಂದ ಅಪಾಯ ಕಡಿಮೆ. ಆದರೂ ಆ ತಿಂಗಳುಗಳಲ್ಲಿ ಲಿಟರ್ ಟ್ರೇಯನ್ನು ಮನೆಯ ಬೇರೊಬ್ಬರು ದಿನವೂ ಸ್ವಚ್ಛಮಾಡಲಿ.

ದೋಷವಿದ್ದುದರಿಂದಲೇ ಬಿಟ್ಟಿದ್ದಾರೆ ಎಂಬ ಗುಮಾನಿಗೆ ಹೆಚ್ಚು ಹೇಳಬೇಕಿಲ್ಲ. ವರ್ಗಾವಣೆ, ಮನೆ ಮಾಲೀಕರ ತಕರಾರು, ಮಗುವಿನ ಅಲರ್ಜಿ, ಮುದುಕರ ಸಾವು ಇವು ಯಾವುವೂ ಬೆಕ್ಕಿನ ತಪ್ಪಲ್ಲ. ಉಳಿದ ಆಯುಷ್ಯ ಕಡಿಮೆ ಎನ್ನುವವರು ಲೆಕ್ಕ ಹಾಕಲಿ: ಮನೆಯೊಳಗೆ ಸಾಕಿದ ಬೆಕ್ಕು 12ರಿಂದ 15 ವರ್ಷ ಬದುಕುವುದು ಸಾಮಾನ್ಯ, ಮೂರು ವರ್ಷದ್ದನ್ನು ತಂದರೂ ಒಂದು ದಶಕ ಜೊತೆಗಿರುತ್ತದೆ.

ಮರಿಯ ಪಕ್ಷದಲ್ಲೂ ಎರಡು ಮಾತಿವೆ. ನಿಮ್ಮ ಮನೆಯಲ್ಲೇ ಬೆಕ್ಕು ಈದರೆ ಆ ಐದು ವಾರ ನಿಮ್ಮ ಕೈಯಲ್ಲಿವೆ, ಬಿಡಬೇಡಿ. ಈಗಾಗಲೇ ಬೆಕ್ಕಿರುವ ಮನೆಗೆ ಇನ್ನೊಂದನ್ನು ತರುವಾಗ ಹಳೆಯದು ಮರಿಯನ್ನು ಬೇಗ ಸಹಿಸಿಕೊಳ್ಳುವುದುಂಟು; ದೊಡ್ಡದಾದರೆ ಬೇರೆ ಕೋಣೆಯಲ್ಲಿಟ್ಟು, ಹಾಸುಬಟ್ಟೆ ಅದಲುಬದಲು ಮಾಡಿ, ವಾರಗಟ್ಟಲೆ ಕಾಯಬೇಕಾದೀತು. ದೊಡ್ಡದೆಲ್ಲವೂ ಮನೆಗೆ ತರತಕ್ಕದ್ದೂ ಅಲ್ಲ. ಎಳವೆಯಲ್ಲಿ ಮನುಷ್ಯರ ಸ್ಪರ್ಶವನ್ನೇ ಕಾಣದೆ ಬಲಿತ ಬೀದಿಬೆಕ್ಕಿಗೆ ಗಾದೆ ಪೂರ್ತಿ ಅನ್ವಯಿಸುತ್ತದೆ. ಬಾಲವನ್ನು ನೆಟ್ಟಗೆ ಮೇಲೆತ್ತಿ ನಿಮ್ಮತ್ತ ನಡೆದು ಬರುವುದು ಸ್ನೇಹದ ಸಂಕೇತ, ಅಂಥದ್ದನ್ನು ಯೋಚಿಸಬಹುದು. ನೆಲಕ್ಕೆ ಕುಗ್ಗಿ, ಅನ್ನ ಇಟ್ಟು ನೀವು ದೂರ ಸರಿದ ಮೇಲಷ್ಟೇ ಬರುವುದಾದರೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಮಾಡಿಸಿ ಮತ್ತೆ ಅದರ ಬೀದಿಗೇ ಬಿಟ್ಟು, ಅಲ್ಲೇ ಊಟ ಹಾಕುವುದು ಸರಿ.